ನಿದ್ರೆಯಲ್ಲಿ ಉಸಿರು ಕಟ್ಟುವ ವ್ಯಾಧಿಯೂ ದೇಹಸ್ಥೌಲ್ಯವೂ

ಗಟ್ಟಿಯಾಗಿ ಗೊರಕೆ ಹೊಡೆಯುವವನನ್ನು ಕಂಡು ‘ಪುಣ್ಯವಂತ, ಸುಖನಿದ್ರೆ’ ಎನ್ನುವುದು ನಮ್ಮಲ್ಲಿ ವಾಡಿಕೆ. ಅವನೇ ಹಗಲಿನಲ್ಲಿ ತೂಕಡಿಸಿದರೆ ಕುಂಭಕರ್ಣನೆಂದು ಹಾಸ್ಯಮಾಡುವುದೂ ಉಂಟು. ಈ ಎರಡು ಮಾತುಗಳೂ ಒಂದೇ ವ್ಯಾಧಿಯನ್ನು ಮರೆಮಾಡಬಲ್ಲವು. ಗೊರಕೆಯು ಒಮ್ಮೆಲೇ ನಿಂತು, ಕೆಲವು ಕ್ಷಣಗಳ ನಿಶ್ಶಬ್ದದ ಬಳಿಕ ಏದುಸಿರಿನೊಡನೆ ಮತ್ತೆ ಆರಂಭವಾಗುತ್ತಿದ್ದರೆ, ಮಲಗಿದವನು ಸುಖನಿದ್ರೆಯಲ್ಲಿಲ್ಲ, ಉಸಿರಿಗಾಗಿ ಹೆಣಗುತ್ತಿದ್ದಾನೆ ಎಂದು ತಿಳಿಯತಕ್ಕದ್ದು. ವೈದ್ಯರು ಸ್ಲೀಪ್ ಆಪ್ನಿಯ ಎಂದು ಕರೆಯುವ ಇದನ್ನು ನಾವು ನಿದ್ರಾಶ್ವಾಸಸ್ತಂಭನವೆನ್ನಬಹುದು.

ಸ್ಥೂಲಕಾಯರನ್ನು ಪೀಡಿಸುವ ತೊಂದರೆಗಳನ್ನು ಹೇಳುವಾಗ ಸುಶ್ರುತಸಂಹಿತೆಯು ಅತಿನಿದ್ರೆಯ ಜೊತೆಯಲ್ಲಿಯೇ ‘ಕ್ರಥನ’ ಎಂಬುದನ್ನೂ ಎಣಿಸುತ್ತದೆ. ಉಸಿರು ಹಠಾತ್ತನೆ ತಡೆಯುವುದು ಎಂದು ಈ ಪದಕ್ಕೆ ಅರ್ಥ ಹೇಳುತ್ತಾರೆ. ಇದರಿಂದ ಇಂದಿನ ಶಾಸ್ತ್ರವೆಲ್ಲ ಅಂದೇ ಇದ್ದಿತೆಂದು ಹೊರಡುವುದು ಸಲ್ಲದು. ಕೊಬ್ಬು, ತೂಕಡಿಕೆ, ಉಸಿರಿನ ತಡೆ ಈ ಮೂರನ್ನು ಒಂದೆಡೆ ಕಂಡ ಕಣ್ಣು ಸೂಕ್ಷ್ಮವಾಗಿತ್ತೆಂಬಷ್ಟನ್ನು ಮಾತ್ರ ಒಪ್ಪಬಹುದು.

ಉಸಿರು ಕಟ್ಟುವುದು ಹೇಗೆ? ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳ ಆಧಾರವುಂಟು. ಅದರ ಮೇಲಣ ಗಂಟಲಿಗೆ ಅಂತಹ ಆಧಾರವಿಲ್ಲ. ನುಂಗುವುದಕ್ಕೂ ಮಾತಾಡುವುದಕ್ಕೂ ಅನುಕೂಲವಾಗಿ ಅದು ಮೆತುವಾದ ಕೊಳವೆಯಂತಿದೆ. ಎಚ್ಚರವಿರುವಾಗ ನಾಲಗೆಯ ಮತ್ತು ಗಂಟಲಿನ ಸ್ನಾಯುಗಳು ಅದನ್ನು ತೆರೆದಿಡುತ್ತವೆ. ನಿದ್ರೆಯಲ್ಲಿ ಇವು ಸಡಿಲುವುವು. ಅಂಗಾತ ಮಲಗಿದರೆ ನಾಲಗೆ ಹಿಂದಕ್ಕೆ ಜಾರುವುದು. ಆಗ ಉಸಿರನ್ನು ಒಳಕ್ಕೆಳೆಯುವ ಸೆಳೆತವೇ ಗಂಟಲಿನ ಗೋಡೆಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಹಾಯದು. ರಕ್ತದ ಆಮ್ಲಜನಕ ಇಳಿದಾಗ ಮಿದುಳು ಕ್ಷಣಕಾಲ ಎಚ್ಚತ್ತು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ, ಹಾದಿ ತೆರೆಯುತ್ತದೆ, ಮತ್ತೆ ನಿದ್ರೆ, ಮತ್ತೆ ತಡೆ. ಕನಿಷ್ಠ 10 ಸೆಕೆಂಡುಗಳಷ್ಟು ಕಾಲ ಉಸಿರು ನಿಲ್ಲುವುದು ಅಥವಾ ತೀರ ಕುಗ್ಗುವುದು ಗಂಟೆಗೆ 5 ಸಲಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವೆನ್ನುತ್ತಾರೆ. 30ನ್ನು ಮುಟ್ಟಿದರೆ ವ್ಯಾಧಿ ತೀವ್ರವಾದುದು. ರಾತ್ರಿಯೆಲ್ಲ ನೂರಾರು ಸಲ ಎಚ್ಚತ್ತವನು ಬೆಳಗ್ಗೆ ಎಂಟು ಗಂಟೆ ನಿದ್ರಿಸಿದೆನೆಂದೇ ನಂಬಿರುತ್ತಾನೆ. ರಕ್ತದ ಒತ್ತಡ ಏರುವುದಕ್ಕೂ, ವಾಹನ ನಡೆಸುವಾಗ ಕಣ್ಣು ಮುಚ್ಚಿಕೊಳ್ಳುವುದಕ್ಕೂ ಇಲ್ಲಿ ಕಾರಣವುಂಟು.

ಇದರಲ್ಲಿ ಬೊಜ್ಜಿನ ಪಾತ್ರ ಬಗೆಬಗೆಯದು. ಕೊರಳಿನ ಸುತ್ತಲೂ ಗಂಟಲಿನ ಪಕ್ಕದ ಗೋಡೆಗಳಲ್ಲಿಯೂ ನಾಲಗೆಯೊಳಗೂ ಕೊಬ್ಬು ತುಂಬಿ ಹಾದಿಯನ್ನು ಕಿರಿದುಗೊಳಿಸುತ್ತದೆ. ಹೊಟ್ಟೆಯ ಬೊಜ್ಜು ವಪೆಯನ್ನು ಮೇಲಕ್ಕೆ ಒತ್ತಿ ಶ್ವಾಸಕೋಶದ ಗಾತ್ರವನ್ನು ಕುಗ್ಗಿಸುತ್ತದೆ. ಆಗ ಶ್ವಾಸನಾಳವನ್ನು ಕೆಳಕ್ಕೆಳೆದು ಗಂಟಲನ್ನು ಬಿಗಿಯಾಗಿಟ್ಟಿದ್ದ ಸೆಳೆತವೂ ಸಡಿಲವಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ನಾಲ್ಕು ವರ್ಷಗಳ ಅಂತರದಲ್ಲಿ ಜನರನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ವರದಿಯಂತೆ, ತೂಕ ಶೇಕಡಾ 10ರಷ್ಟು ಹೆಚ್ಚಿದವರಲ್ಲಿ ಉಸಿರುತಡೆಗಳ ಸಂಖ್ಯೆ ಸುಮಾರು ಶೇಕಡಾ 32ರಷ್ಟು ಹೆಚ್ಚಿತು; ಅಷ್ಟೇ ತೂಕ ಇಳಿದವರಲ್ಲಿ ಶೇಕಡಾ 26ರಷ್ಟು ತಗ್ಗಿತು. ಇನ್ನೊಂದು ಕಡೆಯಿಂದ, ನಿದ್ರೆಗೆಟ್ಟವನಿಗೆ ಹಸಿವು ಹೆಚ್ಚು, ನಡೆಯುವ ಉತ್ಸಾಹ ಕಡಿಮೆ. ಅಸಲು ತೀರದ ಸಾಲಕ್ಕೆ ಬಡ್ಡಿ ಸೇರಿದಂತೆ ಒಂದರಿಂದ ಇನ್ನೊಂದು ಬೆಳೆಯಬಲ್ಲದು.

ಆದರೆ ಸ್ಥೌಲ್ಯವೊಂದನ್ನೇ ನೋಡುವ ಅಭ್ಯಾಸದಿಂದ ಹಾನಿಯೂ ಆಗಿದೆ. 1836-37ರಲ್ಲಿ ಡಿಕನ್ಸನು ಬರೆದ ‘ಪಿಕ್ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ಜೋ ಎಂಬ ದಢೂತಿ ಹುಡುಗನಿದ್ದಾನೆ. ನಿಂತಲ್ಲಿಯೇ ನಿದ್ರಿಸುವವನು, ಓದುಗರ ನಗೆಗೆ ಗುರಿಯಾದವನು. 1956ರಲ್ಲಿ ಬರ್ವೆಲ್ ಮತ್ತು ಸಂಗಡಿಗರು ಅತಿಸ್ಥೂಲನಾದ ಒಬ್ಬ ವ್ಯವಹಾರಸ್ಥನ ವೃತ್ತಾಂತವನ್ನು ಪ್ರಕಟಿಸಿದರು. ಇಸ್ಪೀಟಿನಲ್ಲಿ ಅಪರೂಪದ ಎಲೆಗಳು ಕೈಗೆ ಬಂದಿದ್ದಾಗಲೇ ಆತ ನಿದ್ದೆಹೋಗಿ ಆಟದ ಲಾಭವನ್ನು ಕಳೆದುಕೊಂಡಿದ್ದ. ಅವರು ಈ ಸ್ಥಿತಿಗೆ ಪಿಕ್ವಿಕ್ಕಿನ ಹೆಸರನ್ನೇ ಕೊಟ್ಟು, ಸ್ಥೌಲ್ಯದಿಂದ ಹಗಲುಹೊತ್ತಿನಲ್ಲಿಯೂ ಉಸಿರಾಟ ಕುಗ್ಗಿರುವುದನ್ನು ಒತ್ತಿ ಹೇಳಿದರು. ರಾತ್ರಿಯ ನಿದ್ರೆಯನ್ನು ಯಂತ್ರಗಳಿಂದ ದಾಖಲಿಸಿ, ಅದು ಪದೇ ಪದೇ ಉಸಿರು ನಿಂತು ಚೂರುಚೂರಾಗುವುದನ್ನು ತೋರಿಸಿದವರು 1965ರಲ್ಲಿ ಮಾರ್ಸೇಯ ಗಾಸ್ತೋ ಮತ್ತು ಜರ್ಮನಿಯ ಯುಂಗ್ ಹಾಗೂ ಕೂಲೋ ಇವರ ತಂಡಗಳು. ಹಾಸ್ಯದಿಂದ ಬಂದ ಹೆಸರು ಶಾಸ್ತ್ರಕ್ಕೆ ಸಹಾಯಕವೆಂದು ನನಗೆ ತೋರದು. ತೆಳ್ಳಗಿನ ರೋಗಿಯ ಮೇಲೆ ಯಾರಿಗೂ ಸಂಶಯ ಬಾರದಂತೆ ಅದು ಮಾಡಿತು.

ತೆಳ್ಳಗಿನವರಿಗೂ ಈ ವ್ಯಾಧಿ ಬರುತ್ತದೆ. ಕೆಳದವಡೆ ಚಿಕ್ಕದಾಗಿಯೋ ಹಿಂದೆ ಸರಿದೋ ಇದ್ದರೆ ನಾಲಗೆಗೆ ಎಡೆ ಸಾಲದು. ಮಕ್ಕಳಲ್ಲಿ ಊದಿದ ಟಾನ್ಸಿಲುಗಳೇ ಮುಖ್ಯ ಕಾರಣ. ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮದ್ಯ, ವಯಸ್ಸು ಇವೂ ಸೇರುತ್ತವೆ. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿಯೂ ಹೆಚ್ಚುತ್ತದೆ. ‘ನಾನೇನೂ ದಪ್ಪನಿಲ್ಲ’ ಎಂಬ ಮಾತನ್ನು ನಮ್ಮವರು ಮತ್ತೂ ಎಚ್ಚರಿಕೆಯಿಂದ ಆಡಬೇಕು. ಕಿಲೋಗ್ರಾಮುಗಳಲ್ಲಿ ತೂಕವನ್ನು, ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಅಂಕಿ 30 ಆದರೆ ಪಾಶ್ಚಾತ್ಯರು ಸ್ಥೌಲ್ಯವೆನ್ನುತ್ತಾರೆ. ಭಾರತೀಯರಿಗೆ 25 ಸಾಕೆಂದು ನಮ್ಮ ವೈದ್ಯರು 2009ರಲ್ಲಿ ಗೊತ್ತುಮಾಡಿದರು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ.

ತೂಕ ಇಳಿಸಿದರೆ ಹಲವರಿಗೆ ಗುಣವಾಗುತ್ತದೆ, ಎಲ್ಲರಿಗೂ ಪೂರ್ಣವಾಗಿ ಅಲ್ಲ. ಸ್ಥೂಲರಾದ ರೋಗಿಗಳಿಗಾಗಿ ಟಿರ್ಜೆಪಟೈಡ್ ಎಂಬ ಔಷಧಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸಿಡ್ನಿಯ ಕಾಲಿನ್ ಸಲ್ಲಿವನ್ 1981ರಲ್ಲಿ ಪ್ರಕಟಿಸಿದ ಉಪಾಯವಾದರೋ ದಪ್ಪನೆಯವರಿಗೂ ತೆಳ್ಳನೆಯವರಿಗೂ ಸಲ್ಲುತ್ತದೆ: ಮೂಗಿಗೆ ಮುಸುಕು ತೊಡಿಸಿ, ಸಣ್ಣ ಒತ್ತಡದ ಗಾಳಿಯನ್ನು ರಾತ್ರಿಯಿಡೀ ಹಾಯಿಸಿ ಗಂಟಲು ಕುಸಿಯದಂತೆ ತಡೆಯುವುದು. ನಿದ್ರೆಯನ್ನು ದಾಖಲಿಸಿದ ಹೊರತು ರೋಗ ನಿಶ್ಚಯವಾಗದು. ಆ ಪರೀಕ್ಷೆಗೆ ಮುಂಚೆ ವೈದ್ಯರು ರೋಗಿಯ ಮಗ್ಗುಲಲ್ಲಿ ಮಲಗುವವರನ್ನೂ ಕರೆದು ವಿಚಾರಿಸುತ್ತಾರೆ.