ಗುಡಿಯಿಲ್ಲದ ಬ್ರಹ್ಮ

ಅಮೆರಿಕದ ಕಾಮಿಕ್ಸ್ ಚಿತ್ರಕಾರ ಜಾಕ್ ಕರ್ಬಿ ಚಿತ್ರ ಬರೆಯುವುದನ್ನು ಹತ್ತಿರದಿಂದ ಕಂಡವರು ಹೇಳುವ ಮಾತೊಂದಿದೆ: ಆತ ಕರಡು ಗೆರೆ ಹಾಕುತ್ತಿರಲಿಲ್ಲ. ಬಿಳಿ ಹಾಳೆಯ ಒಂದು ಮೂಲೆಗೆ ಪೆನ್ಸಿಲ್ ಊರಿದರೆ ಮುಗಿಯಿತು, ಆಗಲೇ ಕಾಗದದ ಮೇಲೆ ಇದ್ದುದನ್ನು ತಿದ್ದಿ ಎಬ್ಬಿಸುತ್ತಿರುವನೋ ಎಂಬಂತೆ ಅಲ್ಲಿಂದಲೇ ಚಿತ್ರ ಬೆಳೆಯುತ್ತ ಹೋಗುತ್ತಿತ್ತು. ಜಾಗ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿದ್ದ ಮನೆಯ ನೆಲಮಾಳಿಗೆ. ಮನೆಯವರು ಅದಕ್ಕಿಟ್ಟ ಹೆಸರು ‘ಡಂಜನ್’, ಅಂದರೆ ಸೆರೆಕೋಣೆ. ಬಾಯಲ್ಲಿ ಸಿಗಾರು, ತಡರಾತ್ರಿಯವರೆಗೆ ಕೆಲಸ, ದಿನಕ್ಕೆ ಮೂರ್ನಾಲ್ಕು ಪುಟ. ಪುಟಕ್ಕಿಷ್ಟು ಎಂದು ಕೂಲಿ. ಥಾರ್, ಹಲ್ಕ್, ಬ್ಲ್ಯಾಕ್ ಪ್ಯಾಂಥರ್ ಎಲ್ಲರೂ ರೂಪ ತಳೆದದ್ದು ಆ ಪೆನ್ಸಿಲಿನಲ್ಲಿ.

ಹುಟ್ಟಿದ್ದು 1917ರಲ್ಲಿ, ವಲಸೆ ಬಂದ ಯಹೂದಿ ಕುಟುಂಬದಲ್ಲಿ. ಅಪ್ಪ ಬಟ್ಟೆ ಕಾರ್ಖಾನೆಯ ಕೆಲಸಗಾರ. ಬಡವರ ಕೇರಿಯಲ್ಲಿ ಹೊಡೆದಾಡಿ ಬೆಳೆದ ಹುಡುಗ. ಅವನ ಚಿತ್ರಗಳಲ್ಲಿ ಗುದ್ದು ಹೇಗೆ ಬೀಳುತ್ತದೆ ನೋಡಿ: ಕಾಲು ಅಗಲಿಸಿ, ಇಡೀ ಮೈ ಚೌಕಟ್ಟಿನ ಈ ತುದಿಯಿಂದ ಆ ತುದಿಗೆ ಬಿಲ್ಲಿನಂತೆ ಬಾಗಿ, ಮುಷ್ಟಿ ನಮ್ಮ ಮೂಗಿಗೇ ತಾಗುವಂತೆ ಬರುತ್ತದೆ. ಜೋ ಸೈಮನ್ ಜೊತೆಗೂಡಿ ಸೃಷ್ಟಿಸಿದ ‘ಕ್ಯಾಪ್ಟನ್ ಅಮೆರಿಕ’ದ ಮೊದಲ ಮುಖಪುಟದಲ್ಲಿ ಆ ಗುದ್ದು ಬಿದ್ದದ್ದು ಹಿಟ್ಲರನ ದವಡೆಗೆ. ಅದು 1940ರ ಡಿಸೆಂಬರ್. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲೇ ಇಲ್ಲ. ಆಮೇಲೆ ಕರ್ಬಿಯೇ ಸೈನಿಕನಾಗಿ ಫ್ರಾನ್ಸಿಗೆ ಹೋಗಿ, ಹಿಮದಲ್ಲಿ ಕಾಲು ಮರಗಟ್ಟಿಸಿಕೊಂಡು ಬಂದ.

ಇನ್ನು ಈ ಪಾತ್ರಗಳನ್ನು ಹೊರತಂದ ಮಾರ್ವೆಲ್ ಸಂಸ್ಥೆಯ ಚರಿತ್ರೆ. ಮಾರ್ಟಿನ್ ಗುಡ್‌ಮನ್ ಎಂಬ ಪ್ರಕಾಶಕ 1939ರಲ್ಲಿ ‘ಮಾರ್ವೆಲ್ ಕಾಮಿಕ್ಸ್’ ಪತ್ರಿಕೆ ಹೊರತಂದ. ಮರುವರ್ಷವೇ ಅದರ ಬೆಂಕಿಯ ನಾಯಕನಿಗೂ ನೀರಿನ ನಾಯಕನಿಗೂ ನ್ಯೂಯಾರ್ಕಿನಲ್ಲಿ ಜಗಳ ಹತ್ತಿತು. ಒಬ್ಬರ ಕಥೆಗೆ ಇನ್ನೊಬ್ಬರು ನುಗ್ಗುವ ಚಾಳಿ ಅಷ್ಟು ಹಳೆಯದು. ಸೌಗಂಧಿಕಾ ಪುಷ್ಪ ತರಲು ಹೊರಟ ಭೀಮನಿಗೆ ರಾಮಾಯಣದ ಹನುಮ ಬಾಲ ಅಡ್ಡ ಹಾಕಿ ಮಲಗಿದ್ದನ್ನು ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ, ಬಿಡಿ.

1961ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಬಂದ ಮೇಲೆ ಆ ಚಾಳಿಯೇ ಪದ್ಧತಿಯಾಯಿತು. ಅದಕ್ಕೆ ಕಾರಣವೂ ಇತ್ತು: ಮಾರ್ವೆಲ್ ಪುಸ್ತಕಗಳನ್ನು ಅಂಗಡಿಗೆ ತಲುಪಿಸುತ್ತಿದ್ದದ್ದು ಎದುರಾಳಿಗೆ ಸೇರಿದ ವಿತರಣಾ ಸಂಸ್ಥೆ. ತಿಂಗಳಿಗೆ ಬೆರಳೆಣಿಕೆಯ ಪುಸ್ತಕಗಳಿಗಷ್ಟೇ ಜಾಗ. ಅಷ್ಟಕ್ಕೂ ಒಬ್ಬನೇ ಸಂಪಾದಕ, ಸ್ಟ್ಯಾನ್ ಲೀ. ಒಂದೇ ಊರು, ಒಂದೇ ತಲೆ; ಕಥೆಗಳು ಬೆರೆಯುವುದು ಸುಲಭವಾಯಿತು. ಸ್ಪೈಡರ್‌ಮ್ಯಾನ್ ತನ್ನದೇ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಫೆಂಟಾಸ್ಟಿಕ್ ಫೋರ್ ಮನೆಗೆ ಕೆಲಸ ಕೇಳಿಕೊಂಡು ಹೋಗುತ್ತಾನೆ! ಚೌಕಟ್ಟಿನ ಕೆಳಗೆ ನಕ್ಷತ್ರದ ಗುರುತಿನ ಪುಟ್ಟ ಟಿಪ್ಪಣಿ: ಹಿಂದಿನ ಕಥೆಗೆ ಇಂಥ ಸಂಚಿಕೆ ನೋಡಿ. ನನ್ನ ಲೆಕ್ಕದಲ್ಲಿ ಮುಂದೆ ಬಂದ ಮಾರ್ವೆಲ್‌ನ ಇಡೀ ಸಿನಿಮಾ ಬ್ರಹ್ಮಾಂಡದ ಬೀಜ ಆ ನಕ್ಷತ್ರದಲ್ಲಿದೆ. ಅದು ಕಥೆಯೂ ಹೌದು, ಜಾಹೀರಾತೂ ಹೌದು.

ತಯಾರಿಯ ಕ್ರಮ ವಿಚಿತ್ರವಾಗಿತ್ತು. ಲೀ ಕಥೆಯ ಎಳೆಯನ್ನಷ್ಟೇ ಕೊಡುವುದು, ಕೆಲವೊಮ್ಮೆ ಬರೀ ಬಾಯಿಮಾತಿನಲ್ಲಿ. ಕರ್ಬಿ ಇಡೀ ಸಂಚಿಕೆಯ ಚಿತ್ರ ಬರೆದು, ಅಂಚಿನಲ್ಲಿ ಏನು ನಡೆಯುತ್ತಿದೆ ಎಂದು ಗೀಚಿ ಕಳಿಸುವುದು. ಆಮೇಲೆ ಲೀ ಮಾತು ತುಂಬುವುದು. ಶಾಯಿ, ಅಕ್ಷರ, ಬಣ್ಣಕ್ಕೆ ಬೇರೆ ಬೇರೆ ಕೈ. ಹಾಗಾದರೆ ಕಥೆ ಯಾರದು? ಇಬ್ಬರೂ ಕೊನೆಯವರೆಗೆ ಒಂದು ಉತ್ತರಕ್ಕೆ ಬರಲಿಲ್ಲ. 1970ರಲ್ಲಿ ಕರ್ಬಿ ಮಾರ್ವೆಲ್ ಬಿಟ್ಟ. ತಾನು ಬರೆದ ಸಾವಿರಾರು ಮೂಲ ಹಾಳೆಗಳನ್ನು ಮರಳಿ ಕೇಳಿದಾಗ ಮೊದಲು ಕೊಡಲು ಒಪ್ಪಿದ್ದು 88.

1996ರಲ್ಲಿ ಮಾರ್ವೆಲ್ ದಿವಾಳಿ ಎದ್ದಿತು. ಆ ದಶಕದಲ್ಲೇ ಸ್ಪೈಡರ್‌ಮ್ಯಾನ್, ಎಕ್ಸ್‌ಮೆನ್ ಸಿನಿಮಾ ಹಕ್ಕುಗಳು ಪರರ ಪಾಲಾದವು. 2005ರಲ್ಲಿ, ಮನೆಯ ಒಡವೆ ಅಡವಿಟ್ಟ ಹಾಗೆ, ಉಳಿದಿದ್ದ ಹತ್ತು ಪಾತ್ರಗಳ ಸಿನಿಮಾ ಹಕ್ಕು ಒತ್ತೆಯಿಟ್ಟು 52.5 ಕೋಟಿ ಡಾಲರ್ ಸಾಲ ಎತ್ತಿ ತಾವೇ ಸಿನಿಮಾಕ್ಕೆ ಕೈಹಾಕಿದರು. 2008ರ ‘ಐರನ್ ಮ್ಯಾನ್’ ಮುಗಿದ ಮೇಲೆ, ಹೆಸರುಗಳೆಲ್ಲ ಸಾಗಿ ಹೋದ ನಂತರ, ಇನ್ನೊಂದು ಮಾರ್ವೆಲ್ ಪಾತ್ರವಾದ ನಿಕ್ ಫ್ಯೂರಿ ಕತ್ತಲಿನಿಂದ ಬಂದು ನಾಯಕರ ಕೂಟವಾದ ‘ಅವೆಂಜರ್ಸ್’ ಮಾತೆತ್ತುತ್ತಾನೆ. ಹಳೆಯ ನಕ್ಷತ್ರದ ಟಿಪ್ಪಣಿಯೇ ಪರದೆಗೆ ಬಂದದ್ದು. ಮುಂದಿನದು ಎಲ್ಲರಿಗೂ ಗೊತ್ತು: 2009ರಲ್ಲಿ ಡಿಸ್ನಿಯ ಸುಮಾರು 400 ಕೋಟಿ ಡಾಲರ್ ಖರೀದಿ, 2019ರ ಅವೆಂಜರ್ಸ್ ಸಿನಿಮಾ ‘ಎಂಡ್‌ಗೇಮ್’.

ಕರ್ಬಿ ತೀರಿಕೊಂಡದ್ದು 1994ರಲ್ಲಿ. ಮಕ್ಕಳು ಹಕ್ಕು ಕೇಳಿದ್ದರಿಂದ ಎದ್ದ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನ ಬಾಗಿಲವರೆಗೂ ಹೋಗಿ, 2014ರಲ್ಲಿ ರಾಜಿಯಾಯಿತು.

ನಾನು ‘ಎಂಡ್‌ಗೇಮ್’ ನೋಡಿದ್ದು ಬೆಂಗಳೂರಿನಲ್ಲಿ. ಸಿನಿಮಾ ಮುಗಿದರೂ ಯಾರೂ ಏಳಲಿಲ್ಲ. ಪೊರಕೆ ಹಿಡಿದ ಹುಡುಗ ಬಾಗಿಲಲ್ಲೇ ಕಾಯುತ್ತಿದ್ದ. ಕೊನೆಯಲ್ಲಿ ಇನ್ನೊಂದು ದೃಶ್ಯ ಇದ್ದೀತೆಂಬ ಆಸೆಯಲ್ಲಿ ಮೊಬೈಲುಗಳು ಬೆಳಗಿದವು, ಹರಟೆ ಎದ್ದಿತು. ಪರದೆಯ ಮೇಲೆ ಹೆಸರುಗಳು ಸಾಗುತ್ತಿದ್ದವು. ಜಾಕ್ ಕರ್ಬಿ ಎಂದು ಬಂದಾಗ ಪಕ್ಕದವನಿಗೆ ತೋರಿಸೋಣವೆಂದು ತಿರುಗಿದೆ. ಅಷ್ಟರಲ್ಲಿ ಅದು ಮೇಲಕ್ಕೆ ಹೋಗಿಬಿಟ್ಟಿತ್ತು.