ಬೋರ್ಡಿನ ಮ್ಯಾಲೆ ಒತ್ತಕ್ಷರ ಯಾಕ ಒಡೀತಾವ? ಪ್ರೆಸ್ಸಿಗೆ 'ಓಕೆ' ಅನ್ನೂಕಿಂತ ಮುಂಚೆ ಇಷ್ಟು ನೋಡ್ರಿ

ಬಾಗಲಕೋಟೆ: 'ವಸ್ತ್ರಾಲಯ' ಅಂತ ಬರೆಸಿದ್ದು 'ವಸ್‌ತ್‌ರಾಲಯ' ಆಗಿ ಬೋರ್ಡಿನ ಮೇಲೆ ಕುಂತಿರೋದನ್ನ ನೀವೂ ನೋಡಿರ್ತೀರಿ. ಮದುವೆ ಕಾರ್ಡಿನಲ್ಲಿ 'ಶ್ರೀ' ಹೋಗಿ 'ಶ್‌ರೀ' ಆಗಿರುತ್ತೆ. ಅಂಗಡಿಯವರು "ಏನೋ ತಮ್ಮಾ, ನಿನಗ ಕನ್ನಡ ಬರೂದಿಲ್ಲೇನು?" ಅಂತ ಡಿಟಿಪಿ ಹುಡುಗನನ್ನು ಬೈತಾರೆ. ಅವನು "ಸಾವ್ಕಾರ್ರ, ನೀವು ಕಳಿಸಿದ್ದನ್ನ ಹಾಕೀನ್ರಿ, ಫಾಂಟ್ ಕೈ ಕೊಟ್ಟೈತಿ" ಅಂತಾನೆ. ಇಬ್ಬರ ಮಾತೂ ಒಂದು ಲೆಕ್ಕಕ್ಕೆ ಖರೆ. ಆದರೆ ದುಡ್ಡು ಹೋಗೋದು ಒಬ್ಬರದೇ. ವಾಟ್ಸ್‌ಆ್ಯಪ್‌ನಲ್ಲಿ 'ಓಕೆ' ಅಂತ ಒತ್ತಿದ ಮೇಲೆ ತಪ್ಪು ಯಾರದಾದರೂ ಪ್ರೆಸ್‌ನವರು ಗಿರಾಕಿ ಕಡೆಗೇ ಬೊಟ್ಟು ಮಾಡ್ತಾರೆ. ಹಂಗಾಗಿ ಒಳಗೆ ಏನಾಗುತ್ತೆ ಅನ್ನೋದು ಗಿರಾಕಿಗೂ ಗೊತ್ತಿರಬೇಕು.

ಎರಡು ನಮೂನೆ ಕನ್ನಡ

ಕಂಪ್ಯೂಟರಿನಲ್ಲಿ ಕನ್ನಡ ಕೂರಿಸೋ ಪದ್ಧತಿ ಎರಡು. ಹಳೆಯದು ನುಡಿ, ಬರಹ, ಶ್ರೀಲಿಪಿ ಫಾಂಟುಗಳದ್ದು. ಬರಹ ಬಂದಿದ್ದು 1998ರಲ್ಲಿ. ನುಡಿಯನ್ನು ಕನ್ನಡ ಗಣಕ ಪರಿಷತ್ತು ತಯಾರಿಸಿತು, ಸರ್ಕಾರಿ ಕಚೇರಿಗಳ ತುಂಬ ಅದೇ ಓಡಿತು. ಇವುಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿದರೆ ಅದು ಕನ್ನಡ ಅಂತ ಕಂಪ್ಯೂಟರಿಗೆ ಗೊತ್ತೇ ಆಗಲ್ಲ. ಅದರ ಲೆಕ್ಕದಲ್ಲಿ ಅಲ್ಲಿರೋದು ಇಂಗ್ಲಿಷ್ ಅಕ್ಷರ, ಚುಕ್ಕಿ, ಚಿಹ್ನೆ. ಫಾಂಟು ಆ ಒಂದೊಂದರ ಮೇಲೂ ಕನ್ನಡದ ಒಂದೊಂದು ತುಂಡಿನ ವೇಷ ಹಾಕಿರುತ್ತೆ. ಒತ್ತು ಒಂದು ತುಂಡು, ಕೊಂಬು ಒಂದು ತುಂಡು, ದೀರ್ಘ ಇನ್ನೊಂದು. ಹಳೇ ಪ್ರೆಸ್‌ಗಳಲ್ಲಿ ಅಚ್ಚುಮೊಳೆ ಜೋಡಿಸ್ತಿದ್ದ ಹಂಗೇ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಕಾಣ್ತಾವೆ.

ಹೊಸದು ಯುನಿಕೋಡ್. ಇದರಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ನಿಮ್ಮ ಫೋನಿನಲ್ಲಿ ನೀವು ಒತ್ತೋ ಕನ್ನಡ ಯುನಿಕೋಡೇ. ಆದರೆ ಒಂದು ತೊಡಕು ಐತಿ. 'ಸ್ತ್ರಾ' ಅನ್ನೋದು ಯುನಿಕೋಡಿನಲ್ಲಿ ಒಂದು ಅಕ್ಷರ ಅಲ್ಲ. ಸ, ಹಲಂತ, ತ, ಹಲಂತ, ರ, ದೀರ್ಘ, ಹಿಂಗೆ ಆರು ತುಂಡು ಸಾಲಾಗಿ ಬರ್ತಾವೆ. ಅವನ್ನು ಒಂದರ ಕೆಳಗೊಂದು ಕೂರಿಸೋ ಕೆಲಸ ಸಾಫ್ಟ್‌ವೇರ್‌ನದು. ಫೋನಿಗೆ ಅದು ಬರುತ್ತೆ. ಕೋರೆಲ್‌ಡ್ರಾ, ಫೋಟೊಶಾಪ್‌ನ ಹಳೇ ಆವೃತ್ತಿಗಳಿಗೆ ಬರಲ್ಲ. ಹೊಸ ಫೋಟೊಶಾಪ್‌ನಲ್ಲೂ ಭಾರತೀಯ ಭಾಷೆಯ ಸೆಟ್ಟಿಂಗ್ ಹಾಕದಿದ್ದರೆ ಅದೇ ಗತಿ.

ಈಗ ಲೆಕ್ಕ ಕೂಡಿಸ್ರಿ. ನೀವು ಹೆಸರು, ವಿಳಾಸ ವಾಟ್ಸ್‌ಆ್ಯಪ್ ಮಾಡ್ತೀರಿ, ಅದು ಯುನಿಕೋಡ್. ಅವರು ಅದನ್ನು ಹಳೇ ಕೋರೆಲ್‌ನಲ್ಲಿ ಪೇಸ್ಟ್ ಮಾಡ್ತಾರೆ. ಒತ್ತುಗಳೆಲ್ಲ ಬಿಚ್ಚಿಕೊಂಡು ಸಾಲಾಗಿ ನಿಲ್ತಾವೆ. ಗಡಿಬಿಡಿಯಲ್ಲಿ ನೋಡದಿದ್ದರೆ ಹಂಗೇ ಫ್ಲೆಕ್ಸ್ ಮಷಿನ್ನಿಗೆ ಹೋಗುತ್ತೆ. ಗೊತ್ತಿರೋರು ನುಡಿ ಫಾಂಟಿನಲ್ಲಿ ಮತ್ತೆ ಟೈಪ್ ಮಾಡ್ತಾರೆ, ಇಲ್ಲಾ ಕನ್ವರ್ಟರ್ ಹಾಕ್ತಾರೆ. ಕನ್ವರ್ಟರ್ ಹಾಕಿದರೆ ಅರ್ಕಾವೊತ್ತಿನ ಮೇಲೆ ಕಣ್ಣಿರಲಿ. 'ಕಾರ್ಯಕ್ರಮ', 'ಮಾರ್ಗ', 'ಆಶೀರ್ವಾದ' ಇಂಥವು. ನಾವು ರ್ ಮೊದಲು ಉಚ್ಚಾರ ಮಾಡ್ತೀವಿ, ಬರೆಯೋದು ಮಾತ್ರ ಆಮೇಲೆ. ಸ್ಥಳ ಅದಲು ಬದಲು ಆಗೋದು ಇಲ್ಲೇ. ಸೊನ್ನೆಯೂ ಒಂದು ಕಳ್ಳ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಬಿದ್ದರೆ ಕಣ್ಣಿಗೆ ಕಾಣಲ್ಲ, ಗೂಗಲ್‌ನಲ್ಲಿ ಹುಡುಕಿದರೆ ನಿಮ್ಮ ಅಂಗಡಿಯೂ ಕಾಣಲ್ಲ.

ಊರ ಹೆಸರಿನ ಕತೆ ಬೇರೆ. ಇಳಕಲ್, ಇಳಕಲ್ಲ, ಇಲಕಲ್ಲ, ಬಾಗಲಕೋಟೆ, ಬಾಗಲಕೋಟ. ಒಂದೇ ಅಂಗಡಿಯ ಬೋರ್ಡಿನಲ್ಲಿ ಒಂದು, ಬಿಲ್ ಬುಕ್ಕಿನಲ್ಲಿ ಇನ್ನೊಂದು. ಯಾವುದು ಶುದ್ಧ ಅಂತ ಜಗಳ ಇಲ್ಲಿ ಬೇಡ. ನಿಮ್ಮ ಲೈಸೆನ್ಸಿನಲ್ಲಿ, ಜಿಎಸ್‌ಟಿ ಕಾಗದದಲ್ಲಿ ಹೆಂಗೈತೋ ಹಂಗೇ ಎಲ್ಲಾ ಕಡೆ ಹಾಕಿಸ್ರಿ.

ಬೋರ್ಡಿನಲ್ಲಿ ಶೇ 60 ಅಂದರೆ ಎಷ್ಟು?

2024ರ ಕಾನೂನು ತಿದ್ದುಪಡಿ ಪ್ರಕಾರ ಅಂಗಡಿ, ಹೋಟೆಲ್, ಆಸ್ಪತ್ರೆ ಯಾವುದೇ ಇರಲಿ, ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. 10 ಅಡಿ ಅಗಲ, 5 ಅಡಿ ಎತ್ತರದ ಬೋರ್ಡ್ ಅಂದರೆ 50 ಚದರ ಅಡಿ. ಅದರಲ್ಲಿ ಮೇಲಿನ 3 ಅಡಿ ಪಟ್ಟಿ, ಅಂದರೆ 30 ಚದರ ಅಡಿ ಕನ್ನಡಕ್ಕೆ.

ಆದರೆ ಜಾಗ ಬಿಟ್ಟ ಮಾತ್ರಕ್ಕೆ ಕನ್ನಡ ಎದ್ದು ಕಾಣಲ್ಲ. ಕಂಪ್ಯೂಟರಿನಲ್ಲಿ ಎರಡೂ ಭಾಷೆಗೆ ಒಂದೇ ಸೈಜ್ ಕೊಟ್ಟು ನೋಡ್ರಿ, ಇಂಗ್ಲಿಷಿನ ದೊಡ್ಡಕ್ಷರದ ಮುಂದೆ ಕನ್ನಡ ಸೊರಗಿದಂಗೆ ಕಾಣುತ್ತೆ. ಯಾಕಂದರೆ ಅಷ್ಟೇ ಎತ್ತರದಲ್ಲಿ ಕನ್ನಡಕ್ಕೆ ಮೇಲೆ ಗುಡಿಸು ಹಿಡಿಸಬೇಕು, ಕೆಳಗೆ ಒತ್ತು ಹಿಡಿಸಬೇಕು. ಹಾಗಾಗಿ ಕನ್ನಡದ ಸೈಜ್ ಹೆಚ್ಚೇ ಇರಬೇಕು, ಸಾಲುಗಳ ನಡುವಿನ ಅಂತರವೂ ಹೆಚ್ಚಿರಬೇಕು. ಸಾಲು ಒತ್ತೊತ್ತಾಗಿ ಇಟ್ಟರೆ 'ರಾಷ್ಟ್ರೀಯ'ದ ಒತ್ತು ಕೆಳಗಿನ ಸಾಲಿನ 'ಕೀ' ತಲೆಗೆ ಬಡಿಯುತ್ತೆ. ಬ್ರಷ್ ಹಿಡಿದು ಬೋರ್ಡ್ ಬರೀತಿದ್ದ ಪೇಂಟರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲು ಸೀಮೆಸುಣ್ಣದಲ್ಲಿ ಗೀಟು ಎಳೆದು, ಒತ್ತಿಗೆ ಜಾಗ ಬಿಟ್ಟೇ ಅಕ್ಷರ ಶುರು ಮಾಡೋರು. ಅಷ್ಟೇ ಯಾಕೆ, ಬಾದಾಮಿ ಕೆರೆಯ ಈಶಾನ್ಯ ದಿಕ್ಕಿನ ಬಂಡೆ ಮೇಲೆ ಕ್ರಿ.ಶ. 700ರ ಸುಮಾರಿನ ಕಪ್ಪೆ ಅರಭಟ್ಟನ ಶಾಸನ ನೋಡ್ರಿ. ಕಲ್ಲು ಕೊರೆದವರು ಒತ್ತನ್ನು ಅಕ್ಷರದ ಕೆಳಗೇ ಕೂರಿಸ್ಯಾರೆ. ನಮ್ಮ ಫ್ಲೆಕ್ಸ್‌ನಲ್ಲಿ ಅದು ಪಕ್ಕಕ್ಕೆ ಬಂದು ನಿಂತೈತಿ.

ಫ್ಲೆಕ್ಸ್ ಅಂದ ಮೇಲೆ ಇದೂ ನೆನಪಿರಲಿ. 2016ರಲ್ಲೇ ರಾಜ್ಯ ಸರ್ಕಾರ ನಿಷೇಧ ಮಾಡಿದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಫ್ಲೆಕ್ಸೂ ಐತಿ. ಜಾತ್ರೆ, ಹುಟ್ಟುಹಬ್ಬದ ಬ್ಯಾನರಿಗೆ ಬಟ್ಟೆ ಕೇಳ್ರಿ.

ಫೋನಿನ ಕೆಂಪು, ಪ್ರೆಸ್ಸಿನ ಕೆಂಪು

ಇಳಕಲ್ ಸೀರೆ ಮಾರೋರಿಗೆ ಹೆಚ್ಚು ತಲೆನೋವು ಬಣ್ಣದ್ದು. ತೋಪ ತೆನಿ ಸೆರಗಿನ ಕೆಂಪು ಫೋನಿನಲ್ಲಿ ಜಗಮಗ ಅಂತೈತಿ, ಅದೇ ಫೋಟೊ ಕ್ಯಾಟಲಾಗಿನಲ್ಲಿ ಅಚ್ಚಾದರೆ ಮಬ್ಬು. ಫೋನ್ ಪರದೆ ಕೆಂಪು, ಹಸಿರು, ನೀಲಿ ಬೆಳಕು ಬೆರೆಸಿ ಬಣ್ಣ ಮಾಡುತ್ತೆ. ಪ್ರೆಸ್ಸಿನಲ್ಲಿ ಬೆಳಕಿಲ್ಲ, ಶಾಯಿ ಐತಿ: ಸಯಾನ್ ಅನ್ನೋ ತಿಳಿನೀಲಿ, ಮಜೆಂಟಾ, ಹಳದಿ, ಕಪ್ಪು. ಮನೆಯ ಕ್ಯಾಲೆಂಡರ್ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಈ ನಾಲ್ಕೇ ಬಣ್ಣದ ಚುಕ್ಕಿಗಳು ಕಾಣ್ತಾವೆ. ಪರದೆಯ ಎಲ್ಲಾ ಹೊಳಪು ಶಾಯಿಯಲ್ಲಿ ಸಿಗಲ್ಲ. ಅದಕ್ಕೆ ಬಣ್ಣದ ಒಪ್ಪಿಗೆಯನ್ನು ಫೋನ್ ನೋಡಿ ಕೊಡಬೇಡಿ. ಒಂದು ಪ್ರತಿ ಅಚ್ಚು ಮಾಡಿಸಿ, ಸೀರೆಯನ್ನು ಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ ನೋಡ್ರಿ.

ಸೆರಗಿನ ಬಿಳಿ ಹಲ್ಲುಗಳು ಕಲಸಿಹೋದರೆ ಅದು ಬಣ್ಣದ ತಪ್ಪಲ್ಲ, ಫೋಟೊದ್ದು. ವಾಟ್ಸ್‌ಆ್ಯಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತೆ, ಆದ್ದರಿಂದ 'ಡಾಕ್ಯುಮೆಂಟ್' ಅಂತ ಆರಿಸಿ ಕಳಿಸ್ರಿ. ಕೈಯಲ್ಲಿ ಹಿಡಿದು ನೋಡೋ ಕಾಗದಕ್ಕೆ ಇಂಚಿಗೆ 300 ಚುಕ್ಕಿ ಬೇಕು. ಮೂರೂವರೆ ಇಂಚಿನ ವಿಸಿಟಿಂಗ್ ಕಾರ್ಡಿಗೆ ಅಡ್ಡಲಾಗಿ 1050 ಚುಕ್ಕಿ ಆಯ್ತು. ದೂರದಿಂದ ನೋಡೋ ದೊಡ್ಡ ಬೋರ್ಡಿಗೆ ಇಂಚಿಗೆ 72 ಇದ್ದರೂ ನಡೆಯುತ್ತೆ. ಇನ್ನು ಸಣ್ಣ ಅಕ್ಷರ ಇದ್ದಲ್ಲಿ ಬರೀ ಕಪ್ಪು ಶಾಯಿ ಸಾಕು. ನಾಲ್ಕು ಶಾಯಿ ಬೆರೆಸಿ ಕಪ್ಪು ಮಾಡಿದರೆ, ಒಂದು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಿನ ಪಕ್ಕ ಬಣ್ಣದ ನೆರಳು ಬೀಳುತ್ತೆ.

ಪೊಟ್ಟಣ ಮಾಡಿಸೋರು ಇನ್ನೂ ಹುಷಾರಿರಬೇಕು. ಹುನಗುಂದ ತಾಲ್ಲೂಕಿನ ಅಮೀನಗಡದ ಕರದಂಟಿನ ಡಬ್ಬಿ ಇರಲಿ, ಮನೆಯಲ್ಲಿ ಮಾಡಿದ ಕಡಕ್ ರೊಟ್ಟಿ ಪಾಕೀಟು ಇರಲಿ, ಅದರ ಮೇಲೆ ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬರುತ್ತೆ. ಈ ವಿವರ ಹಿಂದಿ ಅಥವಾ ಇಂಗ್ಲಿಷಿನಲ್ಲಿ ಇರಲೇಬೇಕು, ಜೊತೆಗೆ ಕನ್ನಡದಲ್ಲೂ ಹಾಕಬಹುದು. ಅಂಕಿ ಒಂದು ತಪ್ಪಿದರೂ ಲಾಟೆಲ್ಲ ದಂಡ. ಆಫ್‌ಸೆಟ್‌ನಲ್ಲಿ ಡಬ್ಬಿ ಅಚ್ಚು ಮಾಡಲಿಕ್ಕೆ ಬಣ್ಣಕ್ಕೊಂದರಂತೆ ಪ್ಲೇಟ್ ಬೇಕು. ಗ್ರೇವೂರ್ ಪದ್ಧತಿಯ ಪ್ಲಾಸ್ಟಿಕ್ ಪಾಕೀಟಿಗಾದರೆ ಬಣ್ಣಕ್ಕೊಂದು ಸಿಲಿಂಡರ್ ಕೊರೆಯಬೇಕು, ಅದರ ಖರ್ಚು ಇನ್ನೂ ಜಾಸ್ತಿ. 500 ಮಾಡಿಸಿದರೂ 1000 ಮಾಡಿಸಿದರೂ ಈ ಮೊದಲ ಖರ್ಚು ಅಷ್ಟೇ. "ಇನ್ನೊಂದು ಐನೂರು ಹಾಕಿಸಿಬಿಡ್ರಿ, ಸೋವಿ ಬೀಳ್ತೈತಿ" ಅಂತ ಪ್ರೆಸ್‌ನವರು ಹೇಳೋದು ಇದಕ್ಕೇ, ಅದರಲ್ಲಿ ಮೋಸ ಇಲ್ಲ. ಅಂಕಿಗಳನ್ನು ಒಬ್ಬರು ಮೂಲ ಪತ್ರ ನೋಡಿ ಓದಬೇಕು, ಇನ್ನೊಬ್ಬರು ಪ್ರೂಫ್ ಮೇಲೆ ಬೆರಳಿಟ್ಟು ನೋಡಬೇಕು. ಗ್ರಾನೈಟ್ ಮೇಲೆ ಹೆಸರು ಕೊರೆಸೋರಂತೂ ಕಲ್ಲಿನಷ್ಟೇ ಅಳತೆಯ ಕಾಗದದ ಪ್ರೂಫ್ ಕೇಳಿ ಪಡೀರಿ. ಕಲ್ಲಿಗೆ ರಬ್ಬರ್ ಇಲ್ಲ.

ಪ್ರೂಫನ್ನು ಜೆಪಿಜಿ ಚಿತ್ರದಲ್ಲಲ್ಲ, ಪಿಡಿಎಫ್‌ನಲ್ಲಿ ತರಿಸಿಕೊಳ್ರಿ, ದೊಡ್ಡದು ಮಾಡಿ ನೋಡಲಿಕ್ಕೆ ಬರ್ತೈತಿ. ನೋಡಿ ಒಪ್ಪಿದ ಮೇಲೆ "ಕರ್ವ್ಸ್ ಮಾಡಿ ಕಳಿಸ್ರಿ" ಅಂತ ಹೇಳ್ರಿ. ಆಗ ಅಕ್ಷರಗಳು ಚಿತ್ರದ ಗೆರೆಗಳಾಗಿ ಬಿಡ್ತಾವೆ. ಹುಬ್ಬಳ್ಳಿ ಪ್ರೆಸ್ಸಿನಲ್ಲಿ ನಿಮ್ಮ ಫಾಂಟ್ ಇರಲಿ ಬಿಡಲಿ, ಒತ್ತು ಇದ್ದಲ್ಲೇ ಇರುತ್ತೆ. ಆದರೆ ಕರ್ವ್ಸ್ ಆದ ಫೈಲಿನಲ್ಲಿ ಮುಂದೆ ಫೋನ್ ನಂಬರ್ ಬದಲಿಸಬೇಕಂದರೆ ಆಗಲ್ಲ. ಅದಕ್ಕೆ ಟೈಪ್ ಇರೋ ಮೂಲ ಫೈಲನ್ನೂ, ಯಾವ ಫಾಂಟ್ ಅನ್ನೋದನ್ನೂ ಪೆನ್‌ಡ್ರೈವಿಗೆ ಇಸ್ಕೊಂಡು ಇಟ್ಟುಕೊಳ್ರಿ. ಕೊಡಬೇಕೋ ಬೇಡೋ ಅನ್ನೋ ಮಾತನ್ನು ಅಡ್ವಾನ್ಸ್ ಕೊಡೋ ಮುಂಚೆನೇ ಮುಗಿಸ್ರಿ.