ಊರಿನ ಹೆಸರು ಹೊತ್ತ ತಂಡಗಳು: ಪ್ರೀಮಿಯರ್ ಹಾಕಿ ಲೀಗ್‌ನ ಚರಿತ್ರೆಗೆ ಒಂದು ಜಾನಪದೀಯ ಟಿಪ್ಪಣಿ

ಕೊಪ್ಪಳ ಜಿಲ್ಲೆಯ ನವಲಿ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ನಾಗರ ಪಂಚಮಿಯ ದಿನಗಳಂದು ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುವುದು ಹಳೆಯ ವಾಡಿಕೆ. ಅಗಸಿಯಿಂದ ಹೊರಟ ಹಣ್ಣು ಇಷ್ಟೇ ಎಸೆತಗಳಲ್ಲಿ ಇಂಥ ಗುಡಿಯನ್ನೋ ಇಂಥ ಹಳ್ಳವನ್ನೋ ಮುಟ್ಟಬೇಕೆಂಬುದು ಅಲ್ಲಿನ ಪಣ. ಇದಕ್ಕೆ ಬರೆದಿಟ್ಟ ನಿಯಮಾವಳಿಯಿಲ್ಲ, ನಡೆಸುವ ಸಂಘವೂ ಇಲ್ಲ. ಆದರೂ ಯಾವ ಓಣಿಯವರು ಯಾರ ಮುಂದೆ ಸೋತರು, ಪಣಕ್ಕಿಟ್ಟ ಕಾಯಿಗಳೆಷ್ಟು ಎಂಬುದನ್ನು ಹಿರಿಯರು ಕಟ್ಟೆಯ ಮೇಲೆ ಕುಳಿತು ಇಂದಿಗೂ ಹೇಳಬಲ್ಲರು. ಇಂತಹ ಆಟಗಳನ್ನು ನಮ್ಮ ವಿದ್ವಾಂಸರು ಸಾಕಷ್ಟು ಸಂಗ್ರಹಿಸಿದ್ದಾರೆ. ಆದರೆ ಆಧುನಿಕ ಕ್ರೀಡಾಸಂಸ್ಥೆಯೊಂದು ಹುಟ್ಟಿ, ಕೆಲವು ಕಾಲ ಬಾಳಿ, ಅಳಿದುಹೋಗುವ ಪ್ರಕ್ರಿಯೆಯನ್ನು ಜಾನಪದ ಅಧ್ಯಯನ ಗಮನಿಸಿರುವುದು ಕಡಿಮೆ. ಸಂಸ್ಥೆ ಅಳಿದ ಮೇಲೆ ಅದರ ನೆನಪನ್ನು ಉಳಿಸಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನಿಟ್ಟುಕೊಂಡು, ಕರ್ನಾಟಕದ ತಂಡಗಳು ಎರಡು ಬಾರಿ ಗೆದ್ದೂ ಮರೆತುಹೋಗಿರುವ ಪ್ರೀಮಿಯರ್ ಹಾಕಿ ಲೀಗ್‌ನ ಚರಿತ್ರೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಲೀಗ್ ಆರಂಭಗೊಂಡದ್ದು 2005ರ ಜನವರಿಯಲ್ಲಿ. ಅಂದಿನ ಭಾರತೀಯ ಹಾಕಿ ಫೆಡರೇಷನ್ನು ಕ್ರೀಡಾವಾಹಿನಿಯೊಂದರ ಸಹಯೋಗದಲ್ಲಿ ಇದನ್ನು ರೂಪಿಸಿತು. ಕ್ರಿಕೆಟ್ಟಿನ ಐಪಿಎಲ್ ಹುಟ್ಟುವುದಕ್ಕೆ ಮೂರು ವರ್ಷಗಳಷ್ಟು ಮೊದಲೇ ನಗರಗಳ ಹೆಸರು, ಬಣ್ಣದ ಅಂಗಿ, ವಿದೇಶಿ ಆಟಗಾರರು, ದೀಪದ ಬೆಳಕಿನ ಪಂದ್ಯಗಳು ಇವೆಲ್ಲವೂ ಹಾಕಿಯಲ್ಲಿ ಬಂದಿದ್ದವು ಎಂಬುದನ್ನು ಇಂದು ಬಹುಮಂದಿ ಮರೆತಿದ್ದಾರೆ. ತಂಡಗಳನ್ನು ಎರಡು ಶ್ರೇಣಿಗಳಲ್ಲಿ ವಿಂಗಡಿಸಲಾಗಿತ್ತು. ಬೆಂಗಳೂರಿಗೆ ಲಯನ್ಸ್ ಮತ್ತು ಹೈ-ಫ್ಲೈಯರ್ಸ್ ಎಂಬ ಎರಡು ತಂಡಗಳಿದ್ದುದು ಈ ನಾಡಿನ ಹಾಕಿಯ ಸತ್ವಕ್ಕೆ ಸಾಕ್ಷಿ. ಮೊದಲ ವರ್ಷ ಹೈದರಾಬಾದ್ ಸುಲ್ತಾನ್ಸ್ ಗೆದ್ದಿತು. ಪಾಕಿಸ್ತಾನದ ಸೊಹೈಲ್ ಅಬ್ಬಾಸ್ ಆ ತಂಡದ ಪರವಾಗಿ ಆಡಿದ್ದರು. 2006ರಲ್ಲಿ ಬೆಂಗಳೂರು ಲಯನ್ಸ್, 2007ರಲ್ಲಿ ಒರಿಸ್ಸಾ ಸ್ಟೀಲರ್ಸ್, 2008ರಲ್ಲಿ ಬೆಂಗಳೂರು ಹೈ-ಫ್ಲೈಯರ್ಸ್ ಪ್ರಶಸ್ತಿ ಪಡೆದವು. ನಡೆದ ನಾಲ್ಕು ಆವೃತ್ತಿಗಳಲ್ಲಿ ಎರಡು ನಮ್ಮ ರಾಜಧಾನಿಯ ಪಾಲಾದವು.

ಆಟದ ಸ್ವರೂಪದಲ್ಲಿಯೂ ಮಾರ್ಪಾಡುಗಳಾದವು. 35 ನಿಮಿಷಗಳ ಎರಡು ಅವಧಿಗಳ ಬದಲು 17.5 ನಿಮಿಷಗಳ ನಾಲ್ಕು ಅವಧಿಗಳು ಬಂದವು, ತರಬೇತುದಾರರಿಗೆ ವಿರಾಮ ಕೇಳುವ ಅವಕಾಶ ದೊರೆಯಿತು. ಒಟ್ಟು 70 ನಿಮಿಷಗಳು ಹಾಗೆಯೇ ಉಳಿದವಾದರೂ ನಡುವೆ ಜಾಹೀರಾತಿಗೆ ಎಡೆಯಾಯಿತು. ಇದನ್ನು ಹಾಕಿಗೆ ಬಗೆದ ಅಪಚಾರವೆಂದು ಆಗ ಮೂಗು ಮುರಿದವರಿದ್ದರು. ಆದರೆ 2007ರಲ್ಲಿ ಆರಂಭವಾದ ಯೂರೋ ಹಾಕಿ ಲೀಗ್ ಇದೇ ಕಾಲವಿಭಜನೆಯನ್ನು ಅನುಸರಿಸಿತು. 2014ರಲ್ಲಿ ಅಂತರರಾಷ್ಟ್ರೀಯ ಹಾಕಿ ಸಂಸ್ಥೆಯೂ 15 ನಿಮಿಷಗಳ ನಾಲ್ಕು ಅವಧಿಗಳನ್ನು ಜಾರಿಗೆ ತಂದಿತು. ನಿಯಮವು ತಾನು ಹುಟ್ಟಿದ ಸಂಸ್ಥೆಗಿಂತ ಹೆಚ್ಚು ಕಾಲ ಬದುಕಿತೆನ್ನಬೇಕು.

ಲೀಗ್‌ನ ಅಂತ್ಯ ಮೈದಾನದಲ್ಲಿ ಸಂಭವಿಸಲಿಲ್ಲ. 2008ರ ಮಾರ್ಚ್‌ನಲ್ಲಿ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ಎದುರು ಸೋತ ಭಾರತ, 80 ವರ್ಷಗಳಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸ್ ಪ್ರವೇಶದಿಂದ ವಂಚಿತವಾಯಿತು. ಮರುತಿಂಗಳು, ಆಟಗಾರರ ಆಯ್ಕೆಯಲ್ಲಿ ಲಂಚದ ಆರೋಪ ಕೇಳಿಬಂದ ಹಿನ್ನೆಲೆಯಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯು ಫೆಡರೇಷನ್ನನ್ನು ಅಮಾನತುಗೊಳಿಸಿತು. ಅದರೊಡನೆ ಲೀಗ್ ಕೂಡ ನಿಂತಿತು. ಹೈ-ಫ್ಲೈಯರ್ಸ್ ತಂಡಕ್ಕೆ ತನ್ನ ಪ್ರಶಸ್ತಿಯನ್ನು ಉಳಿಸಿಕೊಳ್ಳಲು ಆಡುವ ಅವಕಾಶವೇ ಬರಲಿಲ್ಲ.

ಗೆದ್ದ ತಂಡ ಹೀಗೆ ಇಲ್ಲವಾದಾಗ ಬೆಂಗಳೂರಿನಲ್ಲಾಗಲಿ ನಾಡಿನ ಬೇರೆಡೆಯಲ್ಲಾಗಲಿ ಅದಕ್ಕಾಗಿ ದನಿಯೆತ್ತಿದ ಜನಸಮುದಾಯ ಕಾಣಲಿಲ್ಲ. ಮೊದಲ ವರ್ಷದ ಪಂದ್ಯಗಳನ್ನೆಲ್ಲ ಹೈದರಾಬಾದೊಂದರಲ್ಲಿಯೇ ಆಡಿಸಲಾಗಿತ್ತು. ಊರಿನ ಹೆಸರು ತಂಡಕ್ಕಿದ್ದರೂ ತಂಡಕ್ಕೆ ಊರಿರಲಿಲ್ಲ. ನವಲಿಯಂತಹ ಊರಲ್ಲಿ ಕೇಬಲ್ ಸಂಪರ್ಕವಿದ್ದ ಮನೆಗಳವರು ಆ ಪಂದ್ಯಗಳನ್ನು ನೋಡಿದ್ದುಂಟು. ಅವರ ಬಾಯಲ್ಲಿ ‘ಬೆಂಗಳೂರಿನವರು ಗೆದ್ರು’ ಎಂಬ ಮಾತು ಬಂತೇ ಹೊರತು ‘ನಮ್ಮವರು ಗೆದ್ರು’ ಎಂಬ ಮಾತು ಬಂದುದನ್ನು ನಾನು ಕೇಳಲಿಲ್ಲ.

ಇದೇ ಹಾಕಿ ಕೊಡಗಿನಲ್ಲಿ ಬೇರೊಂದು ಬಗೆಯಲ್ಲಿ ಬೇರೂರಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ನಡುವಣ ಪಂದ್ಯಾವಳಿಯನ್ನು ಆರಂಭಿಸಿದಾಗ 60 ತಂಡಗಳು ಸೇರಿದ್ದವು. ಇಲ್ಲಿ ತಂಡವೆಂದರೆ ಒಕ್ಕ. ಒಂದೇ ಮನೆತನದ ಹೆಸರು ಹೊತ್ತವರು, ಹೆಂಗಸರು ಗಂಡಸರೆನ್ನದೆ, ಎಳೆಯರು ಹಿರಿಯರೆನ್ನದೆ ಒಟ್ಟಿಗೆ ಆಡುತ್ತಾರೆ. ರಾಷ್ಟ್ರೀಯ ತಂಡದ ಆಟಗಾರನ ಪಕ್ಕದಲ್ಲಿ ಅವನ ಚಿಕ್ಕಪ್ಪ ನಿಂತಿರಬಹುದು. ಪ್ರತಿವರ್ಷ ಒಂದೊಂದು ಮನೆತನ ಆತಿಥ್ಯದ ಹೊಣೆ ಹೊರುತ್ತದೆ, ಆ ವರ್ಷದ ಕಪ್ಪಿಗೆ ಅದೇ ಮನೆತನದ ಹೆಸರು. ಇದನ್ನು ಅವರು ಪಂದ್ಯಾವಳಿ ಎನ್ನುವುದಕ್ಕಿಂತ ‘ನಮ್ಮೆ’, ಅಂದರೆ ಹಬ್ಬ, ಎಂದೇ ಕರೆಯುತ್ತಾರೆ. ಹಾಕಿ ಹೊರಗಿನಿಂದ ಬಂದ ಆಟ. ಅದು ಹಬ್ಬವಾದದ್ದು ಬಂಧುತ್ವದ ಚೌಕಟ್ಟಿನೊಳಗೆ ಕುಳಿತದ್ದರಿಂದ.

2018ರಲ್ಲಿ ನಾಪೋಕ್ಲುವಿನ ಕುಲ್ಲೇಟಿರ ಕಪ್‌ನ ಬಳಿಕ ಈ ನಮ್ಮೆಯೂ ನಿಂತಿತು. ಅದೇ ವರ್ಷದ ಮಳೆಗಾಲದಲ್ಲಿ ಗುಡ್ಡಗಳು ಕುಸಿದವು, ಮುಂದೆ ಕೋವಿಡ್ ಬಂತು. ನಾಲ್ಕು ವರ್ಷ ಆಟವಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಮನೆತನದ ಆತಿಥ್ಯದಲ್ಲಿ ಅದು ಮತ್ತೆ ಆರಂಭವಾದಾಗ 300ಕ್ಕೂ ಹೆಚ್ಚು ಒಕ್ಕಗಳು ಬಂದವು, ಮರುವರ್ಷ ಕುಂಡ್ಯೋಳಂಡ ಕಪ್‌ಗೆ 360. ಒಂದು ಅಮಾನತು ಆದೇಶದಿಂದ ಲೀಗ್ ಮುಗಿದುಹೋಯಿತು. ನಾಲ್ಕು ವರ್ಷಗಳ ಮೌನದ ನಂತರವೂ ನಮ್ಮೆ ಎದ್ದಿತು. ಕಾರಣ ಸ್ಪಷ್ಟ. ನಮ್ಮೆಯ ಒಡೆತನ ಯಾವ ಕಚೇರಿಯಲ್ಲಿಯೂ ಇಲ್ಲ, ಅದು ಸರದಿಯ ಮೇಲೆ ಮನೆಯಿಂದ ಮನೆಗೆ ಸಾಗುತ್ತದೆ.

ಹಾಗೆಂದು ಲೀಗನ್ನು ಪೊಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮೆಯಲ್ಲಿ ಆಡಿದರೆ ಗೌರವ ಸಿಕ್ಕೀತು, ಸಂಬಳ ಸಿಗದು. ಆಟವನ್ನೇ ಜೀವನೋಪಾಯ ಮಾಡಿಕೊಂಡ ಯುವಕನಿಗೆ ಲೀಗ್ ಬೇಕು. ಆ ದಾರಿಯಲ್ಲಿ ಕರ್ನಾಟಕದ ಭಾಗ್ಯ ಮುಂದೆಯೂ ಚಂಚಲವಾಗಿಯೇ ಉಳಿಯಿತು. 2012ರಲ್ಲಿ ನಡೆದ ವರ್ಲ್ಡ್ ಸೀರೀಸ್ ಹಾಕಿಯಲ್ಲಿ ಅರ್ಜುನ್ ಹಾಲಪ್ಪ ನಾಯಕತ್ವದ ಕರ್ನಾಟಕ ಲಯನ್ಸ್ ಆಡಿತು. ಅಂತರರಾಷ್ಟ್ರೀಯ ಸಂಸ್ಥೆಯ ಮನ್ನಣೆಯಿಲ್ಲದ ಆ ಸರಣಿ ಒಂದೇ ಆವೃತ್ತಿಗೆ ಮುಗಿಯಿತು. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಬಂದಾಗ ಕರ್ನಾಟಕದ ಹೆಸರಿನ ತಂಡವಿರಲಿಲ್ಲ, ಕೊಡಗಿನ ವಿ.ಆರ್. ರಘುನಾಥ್ ಉತ್ತರ ಪ್ರದೇಶ ವಿಜಾರ್ಡ್ಸ್‌ಗೆ, ಎಸ್.ವಿ. ಸುನಿಲ್ ಪಂಜಾಬ್ ವಾರಿಯರ್ಸ್‌ಗೆ ಆಡಿದರು. ಆ ಲೀಗ್ 2017ರ ನಂತರ ನಿಂತು 2024ರ ಡಿಸೆಂಬರ್‌ನಲ್ಲಿ ಮರಳಿದಾಗಲೂ ಪುರುಷರ ಎಂಟು ತಂಡಗಳಲ್ಲಿ ನಮ್ಮದೊಂದಿರಲಿಲ್ಲ. ಹಾಕಿಯ ಮಾತು ಹೀಗಾದರೆ, 2023ರ ಜೂನ್‌ನಲ್ಲಿ ಜೈಪುರದಲ್ಲಿ ಆರು ತಂಡಗಳೊಡನೆ ನಡೆದ ಪ್ರೀಮಿಯರ್ ಹ್ಯಾಂಡ್‌ಬಾಲ್ ಲೀಗ್‌ನಲ್ಲಿಯೂ ಕರ್ನಾಟಕದ ಹೆಸರಿರಲಿಲ್ಲ.

ಲಯನ್ಸ್ ಮತ್ತು ಹೈ-ಫ್ಲೈಯರ್ಸ್ ಪರವಾಗಿ ಆಡಿದವರಲ್ಲಿ ಬಹುತೇಕರು ಈಗ ನಡುವಯಸ್ಸಿನವರು. ಅವರ ಅಂಗಿಗಳು, ಪಂದ್ಯದ ಚೀಟಿಗಳು, ಡ್ರೆಸ್ಸಿಂಗ್ ಕೋಣೆಯ ಹಾಸ್ಯ, ಪಂದ್ಯಕ್ಕೆ ಮುನ್ನ ಪಾಲಿಸುತ್ತಿದ್ದ ಶಕುನಗಳು ಇವೆಲ್ಲ ಔದ್ಯೋಗಿಕ ಜಾನಪದದ ಸಾಮಗ್ರಿಗಳು. ನಿಂಬೆಹಣ್ಣಿನ ಪಂದ್ಯದ ನೆನಪನ್ನು ಓಣಿ ಕಾಯುತ್ತದೆ, ನಮ್ಮೆಯ ನೆನಪನ್ನು ಒಕ್ಕ ಕಾಯುತ್ತದೆ. ಈ ಎರಡು ತಂಡಗಳ ನೆನಪು ಮಾತ್ರ ಆಟಗಾರರ ಮನೆಯ ಪೆಟ್ಟಿಗೆಗಳಲ್ಲಿ ಚದುರಿಬಿದ್ದಿದೆ. ನಮ್ಮ ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಕ್ಷೇತ್ರಕಾರ್ಯವನ್ನು ಅಲ್ಲಿಂದ ತೊಡಗಬಹುದು.